ಛಾಯಾಗ್ರಹಣದ ಆದ್ಯಕರ್ತೃ: ಒಂದು ಪ್ರಶ್ನೆಯ ವಿಮರ್ಶೆ

೧

ಛಾಯಾಗ್ರಹಣವನ್ನು ಮೊದಲು ಕಂಡುಹಿಡಿದವರಾರು ಎಂಬ ಪ್ರಶ್ನೆ ಹೊಸದಲ್ಲ. ೧೮೩೯ನೆಯ ಇಸವಿಯಲ್ಲಿ ಆ ವಿದ್ಯೆ ಲೋಕಕ್ಕೆ ಪ್ರಕಟವಾದ ತಿಂಗಳಿನಲ್ಲಿಯೇ ಈ ವಿವಾದವೂ ಹುಟ್ಟಿತು. ಅದು ಇಂದಿಗೂ ಪೂರ್ತಿಯಾಗಿ ಅಡಗಿಲ್ಲ. ಒಂದು ಪುಸ್ತಕ ದಾಗೇರ್ ಎನ್ನುತ್ತದೆ, ಇನ್ನೊಂದು ನಿಯೆಪ್ಸ್ ಎನ್ನುತ್ತದೆ, ಮತ್ತೊಂದು ಟಾಲ್ಬಟ್ ಎನ್ನುತ್ತದೆ. ವಿದ್ಯಾರ್ಥಿಯು ತಾನು ಓದಿದ ಪುಸ್ತಕದಲ್ಲಿರುವ ಹೆಸರನ್ನು ಬರೆದು ಒಂದು ಅಂಕವನ್ನು ಪಡೆದು ಸುಮ್ಮನಾಗುತ್ತಾನೆ.

ಈ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಪ್ರಶ್ನೆಯ ರೂಪವನ್ನೇ ಪರೀಕ್ಷಿಸುವುದು ನಮ್ಮ ಉದ್ದೇಶ. ಆದ್ಯಕರ್ತೃ ಎಂಬ ಮಾತಿನಲ್ಲಿ ಕರ್ತೃವಿದ್ದಾನೆ. ಕರ್ತೃವಿದ್ದ ಮೇಲೆ ಕ್ರಿಯೆಯೊಂದು ಬೇಕು. ಯಾವ ಕ್ರಿಯೆಗೆ ಅವನು ಕರ್ತೃವೆಂಬುದನ್ನು ಹೇಳದೆ ‘ಇವನೇ ಮೊದಲಿಗ’ ಎಂದರೆ ಅದು ಅಪೂರ್ಣವಾಕ್ಯ. ಛಾಯಾಗ್ರಹಣದ ವಿವಾದ ನೂರೆಂಬತ್ತು ವರ್ಷಗಳಿಗೂ ಮಿಕ್ಕಿ ಮುಂದುವರಿದಿರುವುದಕ್ಕೆ ಆಧಾರಗಳ ಕೊರತೆಗಿಂತ ಈ ಅಪೂರ್ಣತೆಯೇ ಹೆಚ್ಚಿನ ಕಾರಣವೆಂದು ನಾವು ಭಾವಿಸುತ್ತೇವೆ.

ವಿಷಯ ನಮ್ಮ ನಾಡಿಗೆ ದೂರದ್ದೆಂದು ತೋರಬಹುದು. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹಳೆಯ ಗುಡಿಯೊಂದರ ಮುಂದೆ ನಿಂತು ಇದನ್ನು ಕಟ್ಟಿದವರಾರೆಂದು ಕೇಳಿದರೆ ಜಕಣಾಚಾರಿ ಎಂಬ ಒಂದೇ ಉತ್ತರ ಬರುವುದನ್ನು ಬಲ್ಲವರಿಗೆ, ಒಂದು ಹೆಸರು ಹಲವರ ಕೆಲಸವನ್ನು ತನ್ನೊಳಕ್ಕೆ ಎಳೆದುಕೊಳ್ಳುವ ಬಗೆ ಅಪರಿಚಿತವಲ್ಲ. ಆ ಹೋಲಿಕೆಗೆ ಮುಂದೆ ಬರೋಣ. ಮೊದಲು ಛಾಯಾಗ್ರಹಣವೆಂಬ ಹೆಸರಿನೊಳಗೆ ಅಡಗಿರುವ ಕ್ರಿಯೆಗಳನ್ನು ಬಿಡಿಸಿ ನೋಡುವುದು ಅಗತ್ಯ.

೨

ಮೊದಲನೆಯ ಕ್ರಿಯೆ ಬಿಂಬವನ್ನು ಬೀಳಿಸುವುದು. ತೆಂಗಿನ ಗರಿಯ ಚಪ್ಪರದಡಿಯಲ್ಲಿ ನೆಲದ ಮೇಲೆ ಬೀಳುವ ದುಂಡನೆಯ ಬೆಳಕಿನ ಬೊಟ್ಟುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಗರಿಗಳ ನಡುವಣ ಸಂದು ದುಂಡಾಗಿರುವುದಿಲ್ಲ. ಬೊಟ್ಟು ಮಾತ್ರ ದುಂಡಾಗಿರುತ್ತದೆ. ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ೨೦೧೯ರ ಡಿಸೆಂಬರ್ ೨೬ರಂದು ಸಂಭವಿಸಿದಂಥ ಗ್ರಹಣದಲ್ಲಿ ಸೂರ್ಯನು ಕುಡುಗೋಲಿನ ಆಕಾರಕ್ಕೆ ಇಳಿದಾಗ ಆ ಬೊಟ್ಟುಗಳೂ ಕುಡುಗೋಲುಗಳಾಗುತ್ತವೆ. ಈ ತತ್ತ್ವವನ್ನು ಅರಬ್ ವಿದ್ವಾಂಸನಾದ ಇಬ್ನ್ ಅಲ್ ಹೈತಮ್ ೧೧ನೆಯ ಶತಮಾನದಲ್ಲಿಯೇ ವಿವೇಚಿಸಿದ್ದನು. ಯೂರೋಪಿನ ಚಿತ್ರಕಾರರು ಇದೇ ತತ್ತ್ವದ ಕತ್ತಲೆ ಪೆಟ್ಟಿಗೆಯನ್ನು, ಕಿಂಡಿಗೆ ಮಸೂರವನ್ನು ಹೊಂದಿಸಿ, ಬಹುಕಾಲ ಬಳಸಿದರು. ಆದಕಾರಣ ೧೮೩೯ರ ಸ್ಪರ್ಧಿಗಳಲ್ಲಿ ಯಾರೊಬ್ಬರೂ ಬಿಂಬಕ್ಕೆ ಕರ್ತೃಗಳಲ್ಲ.

ಎರಡನೆಯದು ಬೆಳಕಿಗೆ ಮಾರ್ಪಡುವ ವಸ್ತುವಿನ ಮೇಲೆ ಬಿಂಬವನ್ನು ಹಿಡಿಯುವುದು. ಬೆಳ್ಳಿಯ ಲವಣವನ್ನು ಕಪ್ಪಾಗಿಸುವುದು ಬೆಳಕೇ ಹೊರತು ಬಿಸಿಯಲ್ಲವೆಂಬುದನ್ನು ಜರ್ಮನಿಯ ಯೊಹಾನ್ ಹೈನ್ರಿಕ್ ಶುಲ್ಟ್ಸೆ ೧೮ನೆಯ ಶತಮಾನದ ಆರಂಭದಲ್ಲಿ ತೋರಿಸಿದನು. ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಸಿಲ್ವರ್ ನೈಟ್ರೇಟ್ ಸವರಿದ ಕಾಗದ ಮತ್ತು ಬಿಳಿಯ ಚರ್ಮದ ಮೇಲೆ ಎಲೆ ಮೊದಲಾದವುಗಳ ಅಚ್ಚನ್ನು ಪಡೆದು ೧೮೦೨ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಆದರೆ ಆ ಅಚ್ಚು ಬೆಳಕಿಗೆ ಬಂದೊಡನೆ ತಾನೂ ಕಪ್ಪಾಗಿ ಅಳಿದುಹೋಗುತ್ತಿತ್ತು.

ಹೀಗಾಗಿ ಮೂರನೆಯ ಕ್ರಿಯೆ ಚಿತ್ರವನ್ನು ನಿಲ್ಲಿಸುವುದು. ಇಂದು ಹೈಪೊ ಎಂದು ಕರೆಯುವ ಲವಣವು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂಬುದನ್ನು ಜಾನ್ ಹರ್ಷೆಲ್ ೧೮೧೯ರಲ್ಲಿಯೇ ಕಂಡಿದ್ದನು. ಅದನ್ನು ಚಿತ್ರದ ಸ್ಥಿರೀಕರಣಕ್ಕೆ ಬಳಸಿದುದು ೧೮೩೯ರ ಜನವರಿಯಲ್ಲಿ. ನಡುವಣ ಇಪ್ಪತ್ತು ವರ್ಷ ಔಷಧವೂ ಇತ್ತು, ವ್ಯಾಧಿಯೂ ಇತ್ತು. ಅವೆರಡೂ ಒಂದೆಡೆ ಸೇರಿರಲಿಲ್ಲ.

ನಾಲ್ಕನೆಯದು ಅವ್ಯಕ್ತವಾದುದನ್ನು ವ್ಯಕ್ತಗೊಳಿಸುವುದು. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಇಡುತ್ತಾರೆ. ಒಳಗೆ ನೀರು ಇಂಗಿ ತಿರುಳು ಕೊಬ್ಬರಿಯಾಗುತ್ತಿರುವುದು ಹೊರಗಿನ ಕಣ್ಣಿಗೆ ತೋರದು, ಒಡೆದಾಗಲೇ ತಿಳಿಯುವುದು. ಹಾಗೆಯೇ ಬೆಳಕು ಸ್ವಲ್ಪಕಾಲ ತಾಗಿದ ಫಲಕದ ಮೇಲೆ ಕಣ್ಣಿಗೆ ಏನೂ ಕಾಣದಿದ್ದರೂ ಬಿಂಬವು ಒಳಗೆ ಮೂಡಿರುತ್ತದೆ. ತಕ್ಕ ರಾಸಾಯನಿಕ ಕ್ರಿಯೆಯಿಂದ ಅದನ್ನು ಹೊರತರಬೇಕು. ಇದು ತಿಳಿದ ಮೇಲೆಯೇ ಗಂಟೆಗಟ್ಟಲೆ ಕಾಯುವ ಕೆಲಸ ನಿಮಿಷಗಳಿಗೆ ಇಳಿದು, ಮನುಷ್ಯನ ಮುಖವನ್ನು ಹಿಡಿಯುವುದು ಸಾಧ್ಯವಾಯಿತು. ಐದನೆಯದು ಒಂದು ಚಿತ್ರವನ್ನು ಹಲವಾಗಿಸುವುದು. ಎಂದರೆ ನೆಗೆಟಿವ್ ಒಂದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವುದು.

ಬೀಳಿಸುವುದು, ಹಿಡಿಯುವುದು, ನಿಲ್ಲಿಸುವುದು, ವ್ಯಕ್ತಗೊಳಿಸುವುದು, ಹಲವಾಗಿಸುವುದು: ಹೀಗೆ ಒಂದು ಹೆಸರಿನೊಳಗೆ ಐದು ಕ್ರಿಯೆಗಳಿವೆ. ಇವಕ್ಕೆಲ್ಲ ಒಬ್ಬನೇ ಕರ್ತೃವನ್ನು ಹುಡುಕುವುದು ವ್ಯರ್ಥಶ್ರಮ.

೩

ಇನ್ನು ಸ್ಪರ್ಧಿಗಳನ್ನು ನೋಡೋಣ. ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ೧೮೧೬ರಿಂದಲೇ ಪ್ರಯೋಗಗಳನ್ನು ನಡೆಸಿದ್ದನು. ಬಿಟುಮೆನ್ ಎಂಬ ಕಪ್ಪು ಅರಗನ್ನು ಪ್ಯೂಟರ್ ತಗಡಿನ ಮೇಲೆ ಸವರಿ, ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಅವನು ೧೮೨೬ ಅಥವಾ ೧೮೨೭ರಲ್ಲಿ ಹಿಡಿದನು. ಕತ್ತಲೆ ಪೆಟ್ಟಿಗೆಯಲ್ಲಿ ನಿಸರ್ಗದಿಂದ ನೇರವಾಗಿ ಪಡೆದು ಇಂದಿಗೂ ಉಳಿದುಬಂದಿರುವ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ೧೮೨೭ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿ ರಾಯಲ್ ಸೊಸೈಟಿಯ ಗಮನವನ್ನು ಸೆಳೆಯಲು ಯತ್ನಿಸಿದನು. ವಿಧಾನದ ರಹಸ್ಯವನ್ನು ಪೂರ್ತಿ ಬಿಟ್ಟುಕೊಡದಿದ್ದುದರಿಂದ ಆ ಸಂಸ್ಥೆ ಅವನ ಬರಹವನ್ನು ಅಂಗೀಕರಿಸಲಿಲ್ಲ. ೧೮೨೯ರಲ್ಲಿ ಅವನು ಲೂಯಿ ದಾಗೇರನೊಡನೆ ಪಾಲುದಾರಿಕೆಯ ಒಪ್ಪಂದವನ್ನು ಮಾಡಿಕೊಂಡು, ೧೮೩೩ರಲ್ಲಿ ತೀರಿಕೊಂಡನು.

ದಾಗೇರನು ಮಾಡಿದುದೇನು? ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡನ್ನು ಅಯೊಡಿನ್ ಹೊಗೆಗೆ ಹಿಡಿದು, ಪೆಟ್ಟಿಗೆಯಲ್ಲಿ ಬೆಳಕು ತಾಗಿಸಿ, ಪಾದರಸದ ಆವಿಯಿಂದ ಅವ್ಯಕ್ತಬಿಂಬವನ್ನು ಹೊರತಂದನು. ಇದು ನಿಯೆಪ್ಸನ ವಿಧಾನವಲ್ಲ. ಅದರ ನೆರಳಿನಲ್ಲಿ ಬೆಳೆದ ಬೇರೊಂದು ವಿಧಾನ. ೧೮೩೯ರ ಜನವರಿ ೭ರಂದು ಅರಾಗೊ ಎಂಬ ವಿಜ್ಞಾನಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಇದನ್ನು ಸಾರಿದನು. ಆಗಸ್ಟ್ ೧೯ರಂದು ವಿವರಗಳು ಬಹಿರಂಗವಾದುವು. ಫ್ರೆಂಚ್ ಸರ್ಕಾರ ದಾಗೇರನಿಗೆ ವರ್ಷಕ್ಕೆ ೬೦೦೦ ಫ್ರಾಂಕ್, ನಿಯೆಪ್ಸನ ಮಗ ಇಸಿದೋರನಿಗೆ ೪೦೦೦ ಫ್ರಾಂಕ್ ವೇತನವನ್ನು ಗೊತ್ತುಮಾಡಿ, ವಿದ್ಯೆಯನ್ನು ಲೋಕಕ್ಕೆ ಉಚಿತವಾಗಿ ಕೊಟ್ಟೆವೆಂದಿತು. ಅದಕ್ಕೆ ಐದು ದಿನ ಮೊದಲು, ಆಗಸ್ಟ್ ೧೪ರಂದು, ಇಂಗ್ಲೆಂಡಿನಲ್ಲಿ ದಾಗೇರನ ಪರವಾಗಿ ಪೇಟೆಂಟು ಪಡೆಯಲಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ೧೮೩೫ರ ಆಗಸ್ಟಿನಲ್ಲಿಯೇ ತನ್ನ ಮನೆಯ ಜಾಲರಿ ಕಿಟಕಿಯ ಒಂದು ಪುಟ್ಟ ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ಪಡೆದಿದ್ದನು, ಆದರೆ ಪ್ರಕಟಿಸಿರಲಿಲ್ಲ. ಪ್ಯಾರಿಸಿನ ಸುದ್ದಿ ಕೇಳಿದ ಮೇಲೆ ೧೮೩೯ರ ಜನವರಿ ೩೧ರಂದು ಅವನ ಪ್ರಬಂಧ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟಿತು. ಅವ್ಯಕ್ತಬಿಂಬವನ್ನು ಕಾಗದದ ಮೇಲೆ ಹೊರತರುವ ಕ್ಯಾಲೊಟೈಪ್ ವಿಧಾನವನ್ನು ಅವನು ೧೮೪೦ರಲ್ಲಿ ಕಂಡುಕೊಂಡು ಮರುವರ್ಷ ಪೇಟೆಂಟು ಪಡೆದನು. ದಾಗೇರನ ಚಿತ್ರ ಹೆಚ್ಚು ನುಣುಪು, ಹೆಚ್ಚು ಸ್ಪಷ್ಟ. ಆದರೆ ಅದು ಒಂಟಿ. ಟಾಲ್ಬಟನದು ಅಷ್ಟು ಸ್ಪಷ್ಟವಲ್ಲ. ಆದರೆ ಅದಕ್ಕೆ ಸಂತತಿಯುಂಟು. ಮುಂದಿನ ಒಂದೂವರೆ ಶತಮಾನದ ಛಾಯಾಗ್ರಹಣ ಬಹುಮಟ್ಟಿಗೆ ಬೆಳೆದುದು ಈ ಎರಡನೆಯ ಬೇರಿನಿಂದ.

ಉಳಿದ ಇಬ್ಬರ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ. ಪ್ಯಾರಿಸಿನ ಸರ್ಕಾರಿ ನೌಕರ ಇಪ್ಪೊಲಿತ್ ಬಯಾರ್ ಕಾಗದದ ಮೇಲೆ ನೇರ ಪಾಸಿಟಿವ್ ಚಿತ್ರಗಳನ್ನು ತೆಗೆದು, ದಾಗೇರನ ವಿವರಗಳು ಹೊರಬೀಳುವ ಮೊದಲೇ, ೧೮೩೯ರ ಜೂನ್ ತಿಂಗಳಲ್ಲಿ ಪ್ರದರ್ಶಿಸಿದನು. ಅವನಿಗೆ ದೊರೆತುದು ೬೦೦ ಫ್ರಾಂಕ್ ಸಹಾಯ. ೧೮೪೦ರಲ್ಲಿ ಅವನು ನೀರಿಗೆ ಬಿದ್ದು ಸತ್ತವನಂತೆ ತನ್ನನ್ನೇ ಚಿತ್ರಿಸಿಕೊಂಡು ತನಗಾದ ಅನ್ಯಾಯವನ್ನು ವ್ಯಂಗ್ಯವಾಗಿ ಸಾರಿದನು. ಬ್ರೆಜಿಲಿನ ಒಳನಾಡಿನಲ್ಲಿ ನೆಲೆಸಿದ್ದ ಎರ್ಕ್ಯೂಲ್ ಫ್ಲೊರೆನ್ಸ್ ೧೮೩೩ರಲ್ಲಿ ಸ್ವತಂತ್ರವಾಗಿ ಪ್ರಯೋಗ ನಡೆಸಿದ್ದನು. ತನ್ನ ಬರಹಗಳಲ್ಲಿ ‘ಫೋಟೋಗ್ರಫಿ’ ಎಂಬ ಪದದ ಫ್ರೆಂಚ್ ರೂಪವನ್ನು ೧೮೩೪ರಲ್ಲಿಯೇ ಬಳಸಿದ್ದನು. ೧೯೭೦ರ ದಶಕದಲ್ಲಿ ಬೋರಿಸ್ ಕೊಸ್ಸಾಯ್ ನಡೆಸಿದ ಸಂಶೋಧನೆಯಿಂದ ಇದು ವಿದ್ವಲ್ಲೋಕಕ್ಕೆ ದೃಢಪಟ್ಟಿತು.

೪

ಮೇಲ್ಕಂಡ ವೃತ್ತಾಂತದಲ್ಲಿ ನಮ್ಮ ಗಮನಕ್ಕೆ ಬರುವ ಮುಖ್ಯ ಸಂಗತಿಯೊಂದಿದೆ. ಮೊದಲಿಗನೆಂಬ ಪಟ್ಟ ಆಯಾ ಕಾಲದಲ್ಲಿ ಯಾವ ಆಧಾರಕ್ಕೆ ಬೆಲೆಯಿತ್ತೋ ಅದನ್ನು ಅವಲಂಬಿಸಿದೆ. ಘೋಷಣೆಗೆ ಬೆಲೆ ಕೊಟ್ಟ ೧೮೩೯ರ ಪ್ಯಾರಿಸ್ ದಾಗೇರನನ್ನು ಮನ್ನಿಸಿತು. ಉಳಿದ ವಸ್ತುವಿಗೆ ಬೆಲೆ ಕೊಟ್ಟ ೨೦ನೆಯ ಶತಮಾನ ನಿಯೆಪ್ಸನ ಕಡೆ ತಿರುಗಿತು. ಆ ತಿರುವಿಗೆ ಮುಖ್ಯ ಕಾರಣ, ಕಣ್ಮರೆಯಾಗಿದ್ದ ಕಿಟಕಿಯ ಚಿತ್ರವನ್ನು ಹೆಲ್ಮುಟ್ ಗರ್ನ್‌ಷೈಮ್ ೧೯೫೨ರಲ್ಲಿ ಮತ್ತೆ ಪತ್ತೆಮಾಡಿದುದು. ಆ ತಗಡು ಸಿಕ್ಕದೆ ಹೋಗಿದ್ದರೂ ನಿಯೆಪ್ಸನು ಮಾಡಿದ ಕೆಲಸ ಮಾಡಿದುದೇ ಆಗಿರುತ್ತಿತ್ತು. ಅವನ ಕೀರ್ತಿ ಮಾತ್ರ ಬೇರೆಯಾಗಿರುತ್ತಿತ್ತು.

ಹೆಸರಿಡುವ ಬಗೆಯೂ ವಿಚಾರಾರ್ಹ. ನಿಯೆಪ್ಸನು ತನ್ನ ವಿದ್ಯೆಯನ್ನು ಸೂರ್ಯನ ಬರಹವೆಂದು ಕರೆದನು. ಟಾಲ್ಬಟನು ನೆರಳನ್ನು ನಿಲ್ಲಿಸುವ ಕಲೆಯೆಂದು ಭಾವಿಸಿದನು. ದಾಗೇರನು ತನ್ನ ಹೆಸರನ್ನೇ ವಿಧಾನಕ್ಕಿಟ್ಟನು. ಈ ಹೆಸರು ಅನುಚಿತವೆಂದು ಶೀರ್ಷಿಕೆಯಲ್ಲಿಯೇ ಸಾರುವ ಪುಸ್ತಕವನ್ನು ಇಸಿದೋರ್ ನಿಯೆಪ್ಸ್ ೧೮೪೧ರಲ್ಲಿ ಪ್ರಕಟಿಸಬೇಕಾಯಿತು. ೧೮೩೯ರ ಮಾರ್ಚ್ ೧೪ರಂದು ಓದಲಾದ ಪ್ರಬಂಧದಲ್ಲಿ ಹರ್ಷೆಲ್ ಬಳಸಿದ, ಬೆಳಕಿನ ಬರಹವೆಂಬ ಅರ್ಥದ ‘ಫೋಟೋಗ್ರಫಿ’ ಎಂಬ ಪದ ಯಾರೊಬ್ಬರ ಸ್ವತ್ತೂ ಅಲ್ಲದ್ದರಿಂದ ಎಲ್ಲರದೂ ಆಯಿತು. ನಾವು ಕನ್ನಡದಲ್ಲಿ ಬಳಸುವ ‘ಛಾಯಾಗ್ರಹಣ’ ಶಬ್ದಾರ್ಥದಲ್ಲಿ ಹರ್ಷೆಲನ ಬೆಳಕಿಗಿಂತ ಟಾಲ್ಬಟನ ನೆರಳಿಗೆ ಹತ್ತಿರವಾಗಿರುವುದು ಕುತೂಹಲಕರ. ಕನ್ನಡದ ಪದದಲ್ಲಿ ಗ್ರಹಣವೆಂಬ ಕ್ರಿಯೆಯೂ ಸ್ಪಷ್ಟವಾಗಿದೆ. ಹಿಡಿದವನ ಹೆಸರು ಅದರಲ್ಲಿಲ್ಲ.

ಹಾಗಾದರೆ ಎಲ್ಲರೂ ಸಮಾನರೇ? ಹಾಗೆ ಹೇಳುವುದೂ ವಿಮರ್ಶೆಯಲ್ಲ, ನುಣುಚಿಕೊಳ್ಳುವಿಕೆ. ಕ್ರಿಯೆಯನ್ನು ಹೇಳಿದರೆ ತೀರ್ಪನ್ನು ಹೇಳಬಹುದು. ಉಳಿದಿರುವ ಕ್ಯಾಮೆರಾ ಚಿತ್ರವನ್ನು ಮೊದಲು ಮಾಡಿದವನು ನಿಯೆಪ್ಸ್. ಜನಸಾಮಾನ್ಯರು ಕಲಿತು ಬಳಸಬಲ್ಲ ವಿಧಾನವನ್ನು ಮೊದಲು ಸಮಗ್ರವಾಗಿ ಬಹಿರಂಗಪಡಿಸಿದವನು ದಾಗೇರ್. ನೆಗೆಟಿವಿನಿಂದ ಪ್ರತಿ ತೆಗೆಯುವ ಪರಂಪರೆಯನ್ನು ನೆಲೆಗೊಳಿಸಿದವನು ಟಾಲ್ಬಟ್. ಚಿತ್ರವನ್ನು ಭದ್ರವಾಗಿ ನಿಲ್ಲಿಸುವ ದ್ರವ್ಯವನ್ನು ಒದಗಿಸಿದವನು ಹರ್ಷೆಲ್. ಬಯಾರ್ ಮತ್ತು ಫ್ಲೊರೆನ್ಸ್ ಸ್ವತಂತ್ರ ಸಂಶೋಧಕರು. ಪ್ರತಿಯೊಂದು ವಾಕ್ಯಕ್ಕೂ ಇಲ್ಲಿ ಕ್ರಿಯಾಪದವಿದೆ. ಆದಕಾರಣ ಒಂದು ಇನ್ನೊಂದನ್ನು ಖಂಡಿಸುವುದಿಲ್ಲ.

೫

ಈಗ ಜಕಣಾಚಾರಿಯ ವಿಷಯಕ್ಕೆ ಬರೋಣ. ತುಮಕೂರಿನ ಹತ್ತಿರದ ಕೈದಾಳ ಅವನ ಹುಟ್ಟೂರೆಂದು ಐತಿಹ್ಯ. ಮಗ ಡಂಕಣನು ಕಲ್ಲಿನೊಳಗಿನ ಕಪ್ಪೆಯನ್ನು ತೋರಿಸಿದಾಗ ತಂದೆ ತನ್ನ ಬಲಗೈಯನ್ನು ಕತ್ತರಿಸಿಕೊಂಡನೆಂದೂ, ಸ್ವಗ್ರಾಮದಲ್ಲಿ ಗುಡಿ ಕಟ್ಟಿದಾಗ ಅದು ಮರಳಿ ಬಂದಿತೆಂದೂ, ಆದುದರಿಂದಲೇ ಊರಿಗೆ ಕೈದಾಳವೆಂದು ಹೆಸರಾಯಿತೆಂದೂ ಕಥೆ. ಬೇಲೂರಿನಿಂದ ಸೋಮನಾಥಪುರದವರೆಗೆ ಎಲ್ಲವೂ ಅವನ ಕೃತಿಗಳೆಂದು ಜನ ಹೇಳುತ್ತಾರೆ. ಬೇಲೂರಿನ ದೇವಾಲಯ ೧೧೧೭ರದು. ಸೋಮನಾಥಪುರದ್ದು ೧೩ನೆಯ ಶತಮಾನದ ಉತ್ತರಾರ್ಧದ್ದು. ನಡುವೆ ಒಂದೂಕಾಲು ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಒಬ್ಬನ ಆಯುಷ್ಯದಲ್ಲಿ ಇದು ಹಿಡಿಯದು.

ಕಲ್ಲುಗಳು ಬೇರೆಯೇ ಸಾಕ್ಷ್ಯವನ್ನು ಕೊಡುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೆತ್ತಿದ್ದಾರೆ. ತಿಪಟೂರಿಗೆ ಬಹುದೂರವಲ್ಲದ ನುಗ್ಗೇಹಳ್ಳಿಯಲ್ಲಿ, ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, ಬೈಚೋಜ ಮತ್ತು ಮಲ್ಲಿತಮ್ಮರ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಇದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯದಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರು ದೊರೆಯುತ್ತದೆ. ಜಕಣಾಚಾರಿಯೆಂಬುದು ದಕ್ಷಿಣಾಚಾರ್ಯ ಎಂಬುದರ ಅಪಭ್ರಂಶವಿರಬಹುದು, ಎಂದರೆ ವ್ಯಕ್ತಿನಾಮವಲ್ಲದೆ ಒಂದು ವರ್ಗದ ಹೆಸರಿರಬಹುದು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಆದರೂ ೧೯೬೪ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ತೆರೆಗೆ ಬಂದಾಗ ಅದರ ನಾಯಕನಾದವನು ಜಕಣಾಚಾರಿಯೇ, ಮಲ್ಲಿತಮ್ಮನಲ್ಲ. ಛಾಯಾಗ್ರಹಣದ ಸಂತತಿಯಾದ ಚಲನಚಿತ್ರವೇ ಒಂಟಿಹೆಸರನ್ನು ಮತ್ತಷ್ಟು ಭದ್ರಪಡಿಸಿತು.

ಐತಿಹ್ಯವನ್ನು ನಾವು ಹಗುರವಾಗಿ ಕಾಣಬಾರದು. ಕಲೆಗೆ ತಕ್ಕ ಕಥೆಯೊಂದು ಬೇಕೆಂಬ ಜನಮನದ ಬಯಕೆ ಅದರಲ್ಲಿದೆ. ಆದರೆ ಕಥೆಯ ಸತ್ಯ ಬೇರೆ, ಕರ್ತೃತ್ವದ ಸಾಕ್ಷ್ಯ ಬೇರೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸದಲ್ಲ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ಬರೆದವನು, ಬರೆಯಿಸಿದವನು, ಸಮ್ಮತಿಯಿತ್ತವನು ಎಂಬ ಭೇದವನ್ನು ಮಾಡಲು ನಾವು ಕಲಿತೆವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ, ಒಂದು ಸಿದ್ಧಾಂತ ಹಲವು ಆಚಾರ್ಯರ ಕೈದಾಟಿ ಬೆಳೆಯುವ ಬಗೆ ತಿಳಿದಿದೆ. ವಿಜ್ಞಾನದ ಚರಿತ್ರೆಯನ್ನು ಓದುವಾಗ ಮಾತ್ರ ಈ ವಿವೇಕವನ್ನು ಮರೆಯುವುದೇಕೆ?

೬

ಇದೇ ಅಳತೆಗೋಲನ್ನು ನಮ್ಮ ದೇವಾಲಯಗಳ ಆದ್ಯ ಛಾಯಾಚಿತ್ರಗಳಿಗೂ ಹಿಡಿಯಬಹುದು. ೧೮೫೪ರ ಡಿಸೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಟಾಲ್ಬಟನ ಪೇಟೆಂಟಿನ ಮೊಕದ್ದಮೆ ನಡೆಯಿತು. ಕ್ಯಾಲೊಟೈಪಿನ ನಿಜವಾದ ಸಂಶೋಧಕ ಅವನೇ ಎಂದು ಪಂಚಾಯತರು ಒಪ್ಪಿದರು. ಆದರೆ ಕೊಲೋಡಿಯನ್ ವಿಧಾನವನ್ನು ಬಳಸಿದ ಪ್ರತಿವಾದಿಯು ಪೇಟೆಂಟನ್ನು ಮೀರಿಲ್ಲವೆಂದರು. ಅದೇ ತಿಂಗಳು ಬೆಂಗಳೂರಿನಲ್ಲಿದ್ದ ಮದ್ರಾಸು ಸೈನ್ಯದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಹಳೇಬೀಡಿಗೆ ಬಂದು, ಟಾಲ್ಬಟನ ಪರಂಪರೆಯದೇ ಆದ ಕಾಗದದ ನೆಗೆಟಿವುಗಳ ಮೇಲೆ ಹೊಯ್ಸಳ ಶಿಲ್ಪವನ್ನು ಹಿಡಿದನು. ೧೮೫೫ರ ಫೆಬ್ರವರಿಯಲ್ಲಿ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವನ ೬೮ ಚಿತ್ರಗಳು ಪ್ರದರ್ಶಿತವಾಗಿ ಮನ್ನಣೆ ಪಡೆದುವು.

ಅದೇ ೧೮೫೫ರಲ್ಲಿ ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆ ಮೊದಲಾದೆಡೆಯ ಕಟ್ಟಡಗಳನ್ನು ಚಿತ್ರಿಸಲು ನೇಮಿಸಿತು. ಅವನ ತರುವಾಯ ಆ ಕೆಲಸವನ್ನು ವೈದ್ಯನಾದ ಪಿಗೋ ಮುಂದುವರಿಸಿದನು. ಮದ್ರಾಸು ಸೈನ್ಯದ ವೈದ್ಯ ನೀಲ್ ಮೈಸೂರು ಸೀಮೆಯ ದೇವಾಲಯಗಳನ್ನು ಚಿತ್ರಿಸಿದನು. ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ 
ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಚಾರಿತ್ರಿಕ ವಿವರಣೆ ಮೆಡೋಸ್ ಟೇಲರನದು, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಛಾಯಾಚಿತ್ರಕಾರರೆಂದು ಮುಖಪುಟ ಹೆಸರಿಸುವುದು ಪಿಗೋ, ನೀಲ್, ಬಿಗ್ಸ್ ಎಂಬ ಮೂವರನ್ನು. ಹನ್ನೊಂದು ವರ್ಷ ಮೊದಲೇ ಮದ್ರಾಸಿನಲ್ಲಿ ಚಿತ್ರಗಳನ್ನು ತೋರಿಸಿದ್ದ ಟ್ರೈಪನ ಹೆಸರು ಅಲ್ಲಿಲ್ಲ. ಮುಖಪುಟವನ್ನೇ ನಂಬಿದ ವಾಚಕನಿಗೆ ಅವನು ಇರಲೇ ಇಲ್ಲ.

ಹಂಪೆಯ ನಿದರ್ಶನ ಇನ್ನೂ ಸ್ಪಷ್ಟ. ಮದ್ರಾಸು ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರ ಸುಮಾರಿಗೆ ಅಲ್ಲಿಯ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದಿದ್ದನು. ಅವು ವಿದ್ವಾಂಸರ ವ್ಯಾಪಕ ಗಮನಕ್ಕೆ ಬಂದುದು ೨೦ನೆಯ ಶತಮಾನದ ಕೊನೆಯ ಭಾಗದಲ್ಲಿ. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ ಹಿಂದಿನ ಕಂಬ, ಇಂದಿನ ಕಂಬಗಳನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ತೆಗೆದವನು, ತೋರಿಸಿದವನು, ಅಚ್ಚಿಗೆ ಬಂದವನು ಎಂಬ ಮೂರು ಬಗೆಯ ಆದ್ಯತೆ ಇಲ್ಲಿಯೂ ಮೂರಾಗಿಯೇ ಉಳಿಯುತ್ತದೆ.

೭

ಈ ಚರ್ಚೆಯಿಂದ ನಮಗಾಗುವ ಪ್ರಯೋಜನವೇನು? ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆ ತಾಲ್ಲೂಕಿನ ನಾಗಲಾಪುರದ ಕೇದಾರೇಶ್ವರ ಮತ್ತು ಚೆನ್ನಕೇಶವ ಮೊದಲಾದ ಗುಡಿಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು ಬಹುಮಟ್ಟಿಗೆ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳ ಮೂಲಕ. ಆ ವರದಿಗಳ ಪಟಗಳ ಕೆಳಗೆ ಊರಿನ ಹೆಸರು, ದೇವರ ಹೆಸರು ಇರುತ್ತವೆ; ಕ್ಯಾಮೆರಾ ಹೊತ್ತು ಬಂದು ಬಿಸಿಲಿನಲ್ಲಿ ನಿಂತವನ ಹೆಸರನ್ನು ಅಲ್ಲಿ ಕಾಣುವುದು ವಿರಳ. ಎಂಟುನೂರು ವರ್ಷಗಳ ಹಿಂದೆ ಮಲ್ಲಿತಮ್ಮನಿಗೆ ತನ್ನ ಹೆಸರನ್ನು ಕಲ್ಲಿನ ಬುಡದಲ್ಲಿ ಕೊರೆಯುವ ಅವಕಾಶವಿತ್ತು. ಅವನ ಶಿಲ್ಪದ ಚಿತ್ರವನ್ನು ತೆಗೆದ ಎಷ್ಟೋ ಮಂದಿಗೆ ಅದೂ ದೊರೆಯಲಿಲ್ಲ.

ಊರೂರಿನ ಮನೆಗಳ ಗೋಡೆಗಳಲ್ಲಿಯೂ ಹೀಗೆಯೇ. ಮದುವೆಯ ಚಿತ್ರ, ಶಾಲೆಯ ತಂಡದ ಚಿತ್ರ, ತೀರಿಕೊಂಡ ಹಿರಿಯರ ಚಿತ್ರ ನಮ್ಮ ಸೀಮೆಯ ಸಾಮಾಜಿಕ ಚರಿತ್ರೆಗೆ ಆಕರಗಳು. ಹಲವು ಚಿತ್ರಗಳ ರಟ್ಟಿನ ಅಂಚಿನಲ್ಲಿಯೋ ಬೆನ್ನಿನಲ್ಲಿಯೋ ಸ್ಟುಡಿಯೋದ ಮುದ್ರೆ ಇರುತ್ತದೆ. ಕಟ್ಟು ಬದಲಾಯಿಸುವಾಗ ಆ ರಟ್ಟನ್ನು ಎಸೆಯುತ್ತಾರೆ. ಅದರೊಂದಿಗೆ ತೆಗೆದವನ ಹೆಸರೂ ಹೋಗುತ್ತದೆ. ಕಾಲೇಜಿನ ಅಧ್ಯಾಪಕರು ಪ್ರತಿವರ್ಷ ಕೆಲವು ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ವಹಿಸಬಹುದು: ಮನೆಯವರ ಒಪ್ಪಿಗೆ ಪಡೆದು ಚಿತ್ರದಲ್ಲಿರುವವರಾರು, ತೆಗೆದವರಾರು, ಎಲ್ಲಿ, ಎಂದು, ನೆಗೆಟಿವ್ ಗಾಜಿನದೋ ಫಿಲ್ಮಿನದೋ, ಈಗ ಎಲ್ಲಿದೆ ಎಂಬುದನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳುವುದು, ತಿಳಿಯದುದನ್ನು ಊಹೆಯಿಂದ ತುಂಬದೆ ಖಾಲಿ ಬಿಡುವುದು.

ಮೊದಲಿಗನಾರೆಂಬ ಪ್ರಶ್ನೆಯನ್ನು ನಾವು ಕೈಬಿಡಬೇಕಾಗಿಲ್ಲ. ‘ಏನನ್ನು ಮಾಡಿದವರಲ್ಲಿ ಮೊದಲಿಗ, ಯಾವ ಆಧಾರದಿಂದ?’ ಎಂದು ಅದನ್ನು ಪೂರ್ಣಗೊಳಿಸಿದರೆ ಸಾಕು. ಹಾಗೆ ಕೇಳುವ ವಿದ್ಯಾರ್ಥಿಗೆ ಒಂದು ಅಂಕದ ಉತ್ತರ ದೊರೆಯದಿರಬಹುದು. ಆದರೆ ದಾಗೇರನನ್ನು ಕೆಳಗಿಳಿಸದೆಯೇ ಬಯಾರನಿಗೂ, ಜಕಣಾಚಾರಿಯ ಕಥೆಯನ್ನು ಅಳಿಸದೆಯೇ ಹೊನೋಜನಿಗೂ ಅವರವರಿಗೆ ಸಲ್ಲಬೇಕಾದುದನ್ನು ಅವನು ಸಲ್ಲಿಸಬಲ್ಲನು.